ಹಿತ್ತಲ ತೋಟದಲ್ಲಿ ಅಹಿಂಸಾಣುವ್ರತ

॥ ಶ್ರೀ ನೇಮಿನಾಥಾಯ ನಮಃ ॥

ತೇರದಾಳವು ಕರ್ನಾಟಕದ ಪ್ರಾಚೀನ ಜೈನ ನೆಲೆಗಳಲ್ಲೊಂದು. ರಟ್ಟರ ಆಳಿಕೆಯ ಕೂಂಡಿ ಮೂರು ಸಾವಿರ ನಾಡಿಗೆ ಸೇರಿದ್ದ ಈ ಊರನ್ನು ಶಾಸನಗಳು ತೇರಿದಾಳವೆಂದು ಕರೆದಿವೆ. ಇಲ್ಲಿಯ ಮಂಡಲಿಕನಾಗಿದ್ದ ಗೊಂಕನು ನೇಮಿನಾಥ ತೀರ್ಥಂಕರರ ಬಸದಿಯನ್ನು ಕಟ್ಟಿಸಿ ದಾನ ಬಿಟ್ಟ ಸಂಗತಿಯನ್ನು ಶಕವರ್ಷ 1045ರ ಶಾಸನವು ತಿಳಿಸುತ್ತದೆ. ಕೊಲ್ಲಾಪುರದ ರೂಪನಾರಾಯಣ ಬಸದಿಯ ಮಾಘನಂದಿ ಸೈದ್ಧಾಂತಿಕರ ಹೆಸರೂ ಆ ಶಾಸನದೊಡನೆ ಬೆರೆತಿದೆ. ಹೀಗೆ ಒಂಬತ್ತು ಶತಮಾನಗಳಿಂದ ಈ ಊರಿನ ಶ್ರಾವಕ ಕುಲಗಳು ಕೈಮುಗಿದು ನಿಂತಿರುವುದು ನೇಮಿಸ್ವಾಮಿಯ ಸನ್ನಿಧಿಯಲ್ಲಿ.

ನೇಮಿಸ್ವಾಮಿಯ ಚರಿತೆಯನ್ನು ಅರಿಯದ ಜೈನ ಮನೆಯಿಲ್ಲ. ಉಗ್ರಸೇನನ ಮಗಳಾದ ರಾಜೀಮತಿಯನ್ನು ವರಿಸಲೆಂದು ಹೊರಟ ದಿಬ್ಬಣದ ದಾರಿಯಲ್ಲಿ, ಮದುವೆಯ ಔತಣಕ್ಕಾಗಿ ಕೂಡಿಹಾಕಿದ್ದ ಮೂಕ ಪ್ರಾಣಿಗಳ ಆಕ್ರಂದನವು ಕುಮಾರನ ಕಿವಿಗೆ ಬಿದ್ದಿತು. ರಥವು ಹಿಂದಿರುಗಿತು. ಮದುವೆಯ ಕಂಕಣವು ಊರ್ಜಯಂತಗಿರಿಯ ತಪಸ್ಸಿಗೆ ದಾರಿಮಾಡಿಕೊಟ್ಟಿತು. ಹನ್ನೆರಡನೆಯ ಶತಮಾನದಲ್ಲಿ ಕರ್ಣಪಾರ್ಯನೂ ಆತನ ತರುವಾಯ ಇತರ ಕವಿಗಳೂ ಈ ಕಥೆಯನ್ನು ಕನ್ನಡಕ್ಕೆ ತಂದರು. ಮನೆಮನೆಯ ಹಿರಿಯರು ಮಕ್ಕಳಿಗೆ ಇದನ್ನು ಇಂದಿಗೂ ಹೇಳುತ್ತಾರೆ.

ಈ ಕಥೆಯಲ್ಲಿ ವಿಚಾರಮಾಡತಕ್ಕ ಒಂದು ಅಂಶವುಂಟು. ಆ ಪ್ರಾಣಿಗಳಿಗೆ ಕೂಗಲು ಕಂಠವಿತ್ತು. ಆದುದರಿಂದ ಕೂಗು ಕೇಳಿಸಿತು. ಕಂಠವಿಲ್ಲದ ಜೀವಿಗಳ ಗತಿಯೇನು? ಮನೆಯ ಹಿಂದಿನ ಹತ್ತು ಮೊಳ ನೆಲದಲ್ಲಿ, ಹೀರೆಯ ಬಳ್ಳಿಯ ಎಲೆಯ ಕೆಳಗೆ, ಬಾಳೆಯ ಬುಡದ ತೇವದಲ್ಲಿ, ಒಣಗಿದ ಎಲೆಗಳ ರಾಶಿಯೊಳಗೆ ಎಣಿಕೆಗೆ ನಿಲುಕದಷ್ಟು ಜೀವಿಗಳು ಹುಟ್ಟಿ ಬಾಳುತ್ತಿವೆ. ಅವು ಸಾಯುವಾಗ ಸದ್ದಾಗುವುದಿಲ್ಲ. ಯಾವ ರಥವೂ ಅವುಗಳಿಗಾಗಿ ತಾನಾಗಿ ನಿಲ್ಲುವುದಿಲ್ಲ. ಕಿವಿಗೆ ಕೇಳಿಸದ ಆ ಮೊರೆಯನ್ನು ವಿವೇಕದಿಂದ ಕೇಳಿಸಿಕೊಳ್ಳುವುದೇ ಶ್ರಾವಕನ ಅಹಿಂಸಾಣುವ್ರತ. ನೇಮಿಸ್ವಾಮಿಗೆ ಅರ್ಘ್ಯವೆತ್ತಿದ ಕೈಯೇ ಮನೆಗೆ ಬಂದು ಹಿತ್ತಲಲ್ಲಿ ವಿಷದ ಪಂಪನ್ನು ಹಿಡಿಯುವುದಾದರೆ ಅರ್ಘ್ಯದ ಅರ್ಥವೆಲ್ಲಿ ಉಳಿಯಿತು?

ತೋಟದಲ್ಲಿ ಯಾರು ಯಾರು ಇದ್ದಾರೆ?

ವ್ರತವನ್ನು ಪಾಲಿಸುವವನು ಮೊದಲು ಜೀವಗಳನ್ನು ಅರಿಯಬೇಕು. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ ಎಂಬ ಐದು ಬಗೆಯ ಸ್ಥಾವರಗಳು ಸ್ಪರ್ಶವೆಂಬ ಒಂದೇ ಇಂದ್ರಿಯವುಳ್ಳವು. ತೋಟದ ಮಣ್ಣು, ನೀರು, ಗಿಡ, ಬಳ್ಳಿಗಳೆಲ್ಲ ಇದರಲ್ಲಿ ಬಂದವು. ಮಣ್ಣಿನೊಳಗಿನ ಎರೆಹುಳು ದ್ವೀಂದ್ರಿಯ. ಇರುವೆಯೂ ಗೆದ್ದಲೂ ತ್ರೀಂದ್ರಿಯ. ಜೇನುನೊಣ, ದುಂಬಿ, ಚಿಟ್ಟೆ, ಸೊಳ್ಳೆಗಳು ಚತುರಿಂದ್ರಿಯ. ಕಪ್ಪೆ, ಓತಿಕ್ಯಾತ, ಗುಬ್ಬಿ, ಹಾವುಗಳು ಪಂಚೇಂದ್ರಿಯ. ಹೀಗೆ ನೋಡಿದರೆ ಆಗಮವು ಹೇಳುವ ತಿರ್ಯಂಚ ಲೋಕದ ಬಹುಭಾಗವು ಒಂದು ಹಿತ್ತಲಲ್ಲಿಯೇ ನೆರೆದಿದೆ.

ಇಂದಿನ ಮಣ್ಣಿನ ಶಾಸ್ತ್ರವೂ ಈ ಮಾತಿಗೆ ವಿರೋಧವಾಗಿಲ್ಲ. ಫಲವತ್ತಾದ ಮಣ್ಣಿನ ಒಂದು ಚಮಚದಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆಯೆಂದು ಅದು ಕಂಡುಕೊಂಡಿದೆ. ಉದುರಿದ ಎಲೆಯನ್ನು ಅವು ಕರಗಿಸುತ್ತವೆ; ಕರಗಿದ ಸಾರವನ್ನು ಬೇರು ಹೀರುತ್ತದೆ; ಎರೆಹುಳು ಕೊರೆದ ದಾರಿಯಲ್ಲಿ ಗಾಳಿಯೂ ನೀರೂ ಕೆಳಗಿಳಿಯುತ್ತವೆ. ಜೀವಗಳು ಒಂದಕ್ಕೊಂದು ಉಪಕಾರ ಮಾಡಿಕೊಂಡು ಬದುಕುವುವೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹೇಳಿದ ತತ್ತ್ವಕ್ಕೆ ತೋಟಕ್ಕಿಂತ ಹತ್ತಿರದ ಉದಾಹರಣೆ ಬೇಕಾಗಿಲ್ಲ. ಈ ಉಪಕಾರದ ಸರಪಳಿಯಲ್ಲಿ ಒಂದು ಕೊಂಡಿಯನ್ನು ಮುರಿದವನು ಉಳಿದೆಲ್ಲ ಕೊಂಡಿಗಳಿಗೂ ಅಪರಾಧಿಯಾಗುತ್ತಾನೆ.

ಅನಿವಾರ್ಯವಾದ ಹಿಂಸೆ ಮತ್ತು ವ್ಯರ್ಥವಾದ ಹಿಂಸೆ

ಗೃಹಸ್ಥನಿಗೆ ಪೂರ್ಣ ಅಹಿಂಸೆ ಸಾಧ್ಯವಿಲ್ಲವೆಂಬುದನ್ನು ಆಚಾರ್ಯರು ಬಲ್ಲರು. ಆದುದರಿಂದಲೇ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಪೂರ್ಣವಾಗಿ ಬಿಡತಕ್ಕದ್ದು. ಅಡಿಗೆ, ಕಸಗುಡಿಸುವಿಕೆ, ಗಿಡಕ್ಕೆ ನೀರೆರೆಯುವಿಕೆ ಮೊದಲಾದ ಮನೆಗೆಲಸಗಳಲ್ಲಿ ತಾನಾಗಿ ಒದಗುವ ಆರಂಭೀ ಹಿಂಸೆಯನ್ನು ಎಚ್ಚರದಿಂದ ಕಡಿಮೆ ಮಾಡತಕ್ಕದ್ದು. ಹಿತ್ತಲ ತೋಟದ ಕೆಲಸವು ಈ ಎರಡನೆಯ ಬಗೆಗೆ ಸೇರಿದ್ದು. ಆದರೆ ಅಲ್ಲಿಯೇ ಮೊದಲನೆಯ ಬಗೆಯು ಸದ್ದಿಲ್ಲದೆ ನುಸುಳಿಕೊಳ್ಳುತ್ತದೆ.

ಅನರ್ಥದಂಡವಿರತಿ ಎಂಬ ಗುಣವ್ರತವು ಹುಟ್ಟಿದ್ದು ಇದನ್ನು ತಡೆಯುವುದಕ್ಕಾಗಿ. ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪವೇ ಅನರ್ಥದಂಡ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಐದು ಬಗೆಗಳನ್ನು ವಿವರಿಸಿದ್ದಾರೆ. ಅವುಗಳಲ್ಲಿ ಪ್ರಮಾದಚರ್ಯೆಯ ವಿವರಣೆಯನ್ನು ಓದಿದವರಿಗೆ ಆಚಾರ್ಯರು ತೋಟದ ಬಾಗಿಲಲ್ಲಿ ನಿಂತೇ ಮಾತನಾಡಿದಂತೆ ತೋರುತ್ತದೆ: ಕಾರಣವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡಬಳ್ಳಿಗಳನ್ನು ಕತ್ತರಿಸುವುದು ಇವೆಲ್ಲ ಅದರಲ್ಲಿ ಬರುತ್ತವೆ. ಹಿಂಸಾದಾನವೆಂದರೆ ಕೊಲೆಗೆ ಸಾಧನವಾಗುವ ವಸ್ತುವನ್ನು ಮತ್ತೊಬ್ಬರಿಗೆ ಕೊಡುವುದು. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಆ ವಸ್ತುಗಳ ಸಾಲಿನಲ್ಲಿ ವಿಷವನ್ನೂ ಎಣಿಸಿದ್ದಾರೆ. ನೆರೆಮನೆಯವರು ಕೇಳಿದರೆಂದು ಉಳಿದ ಅರ್ಧ ಬಾಟಲಿ ಕೀಟನಾಶಕವನ್ನು ಕೊಟ್ಟು ಕಳಿಸುವುದು ನೆರೆಯ ಧರ್ಮವೆಂದು ತೋರಬಹುದು. ಶಾಸ್ತ್ರದ ಕಣ್ಣಿನಲ್ಲಿ ಅದು ಹಿಂಸಾದಾನ. “ಅದನ್ನು ಹೊಡೆಯಿರಿ, ಒಂದೇ ದಿನದಲ್ಲಿ ಹುಳು ಸಾಯುತ್ತವೆ” ಎಂದು ಸಲಹೆ ಕೊಡುವುದು ಪಾಪೋಪದೇಶ.

ಕೃತ, ಕಾರಿತ, ಅನುಮೋದನೆ ಎಂಬ ಮೂರು ದಾರಿಗಳಿಂದಲೂ ಕರ್ಮಾಸ್ರವವಾಗುತ್ತದೆ. ತಾನು ಮುಟ್ಟಲಾರೆನೆಂದು ಕೂಲಿಯಾಳಿನ ಕೈಯಿಂದ ವಿಷ ಹೊಡೆಯಿಸುವವನು ತನ್ನ ಪಾಪವನ್ನು ಕಳೆದುಕೊಳ್ಳಲಿಲ್ಲ. ಆ ಬಡವನ ಶ್ವಾಸಕ್ಕೂ ವಿಷವನ್ನು ಹಾಕಿ ಪಾಪವನ್ನು ಇಮ್ಮಡಿಗೊಳಿಸಿಕೊಂಡನು.

ವಿಷಕ್ಕೆ ಔಷಧವೆಂಬ ಹೆಸರು

ಕೃಷ್ಣೆಯ ಕಡೆಯ ಊರುಗಳಲ್ಲಿ ಕೀಟನಾಶಕವನ್ನು ‘ಔಷಧ’ ಎನ್ನುತ್ತಾರೆ. ‘ಎಣ್ಣಿ’ ಎಂದೂ ಕರೆಯುವುದುಂಟು. ಕೊಲ್ಲುವ ವಸ್ತುವಿಗೆ ಕಾಯುವ ವಸ್ತುವಿನ ಹೆಸರು ಬಂದಮೇಲೆ ಕೈಗೆ ಅಂಜಿಕೆ ಉಳಿಯುವುದಿಲ್ಲ. ಸತ್ಯಾಣುವ್ರತಿಯು ಮೊದಲು ಮಾಡಬೇಕಾದ ಕೆಲಸವೆಂದರೆ ಅದನ್ನು ವಿಷವೆಂದೇ ಕರೆಯುವುದು. ಮಕ್ಕಳ ಕಿವಿಗೆ ಸರಿಯಾದ ಹೆಸರು ಬಿದ್ದರೆ ಮುಂದಿನ ತಲೆಮಾರಿಗೆ ಅರ್ಧ ವ್ರತವನ್ನು ಕಲಿಸಿದಂತಾಯಿತು.

ದಶಲಕ್ಷಣ ಪರ್ವದ ಒಂದು ದಿನವನ್ನು ಊಹಿಸಿಕೊಳ್ಳಬಹುದು. ಭಾದ್ರಪದದ ಅಷ್ಟಮಿ, ಮನೆಯ ಹಿರಿಯಳು ಉಪವಾಸದಲ್ಲಿದ್ದಾಳೆ. ಕಾಲೇಜಿನಿಂದ ಊರಿಗೆ ಬಂದಿರುವ ಮೊಮ್ಮಗನು ಪಂಪನ್ನು ಹೆಗಲಿಗೇರಿಸಿ ಹಿತ್ತಲಿಗೆ ಹೊರಟಿದ್ದಾನೆ.

“ಅಜ್ಜಿ, ಹೀರಿ ಬಳ್ಳಿಗಿ ಹುಳ ಹತ್ಯಾವ. ಇವತ್ತ ಎಣ್ಣಿ ಹೊಡೀದಿದ್ರ ಒಂದ ಕಾಯಿನೂ ಉಳಿಯೂದಿಲ್ಲ” ಎನ್ನುತ್ತಾನೆ.

“ಕಾಯಿ ಹೋದ್ರ ಹೋಗ್ಲೇಳಪ್ಪಾ. ನಾ ಇವತ್ತ ಉಣ್ಣೂದು ಬಿಟ್ಟೇನಿ. ಅವು ಉಣ್ಣೂದರಾಗ ವಿಷ ಹಾಕಿದ್ರ ನನ್ನ ಉಪವಾಸ ಯಾರ ಸಲುವಾಗಿ?” ಎಂದು ಅಜ್ಜಿ ಕೇಳುತ್ತಾಳೆ.

ಈ ಒಂದು ಪ್ರಶ್ನೆಯಲ್ಲಿ ಉಪವಾಸದ ತಿರುಳಿದೆ. ಉಪವಾಸವೆಂಬ ಪದಕ್ಕೆ ಆತ್ಮನ ಸಮೀಪದಲ್ಲಿ ವಾಸಿಸುವುದೆಂಬ ಅರ್ಥವನ್ನು ಹಿರಿಯರು ಹೇಳುತ್ತ ಬಂದಿದ್ದಾರೆ. ಪ್ರೋಷಧೋಪವಾಸದಲ್ಲಿ ಆಹಾರದೊಡನೆ ಆರಂಭವನ್ನೂ ಬಿಡಬೇಕೆಂಬ ವಿಧಿಯಿದೆ. ಹೊಟ್ಟೆ ಬರಿದಾಗಿ ಕೈ ಕ್ರೂರವಾಗಿದ್ದರೆ ಅದು ಲಂಘನವಾದೀತು, ತಪಸ್ಸಾಗಲಾರದು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಅನ್ಯಜೀವದ ಅನ್ನವನ್ನು ತಡೆದರೇ ವ್ರತಕ್ಕೆ ಕಲೆ ತಗಲುವುದಾದರೆ, ಅದರ ಅನ್ನಕ್ಕೆ ವಿಷ ಬೆರೆಸಿದವನ ವ್ರತದ ಗತಿಯೇನು?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. “ಹುಳುಗಳು ಬೆಳೆಯ ಶತ್ರುಗಳು, ಶತ್ರುವನ್ನು ಎದುರಿಸುವುದು ವಿರೋಧೀ ಹಿಂಸೆ, ಗೃಹಸ್ಥನಿಗೆ ಅದು ಪೂರ್ಣ ನಿಷಿದ್ಧವಲ್ಲವಲ್ಲ?” ಎಂದು ಕೇಳುವವರುಂಟು. ವಿರೋಧೀ ಹಿಂಸೆಯ ವಿನಾಯಿತಿಯು ಪ್ರಾಣಕ್ಕೋ ಧರ್ಮಕ್ಕೋ ಕುಟುಂಬಕ್ಕೋ ಆಪತ್ತು ಬಂದು, ಬೇರೆ ದಾರಿಯೇ ಇಲ್ಲದಾಗ ಸಲ್ಲತಕ್ಕದ್ದು. ಹಿತ್ತಲ ನಾಲ್ಕು ಬಳ್ಳಿಗಳಿಂದ ಯಾರ ಜೀವನವೂ ನಡೆಯುವುದಿಲ್ಲ. ಸಂತೆಯಲ್ಲಿ ಕಾಯಿ ಸಿಗುತ್ತದೆ. ಒಂದು ದಿನ ಕಾಯಿಪಲ್ಯವಿಲ್ಲದೆ ಬೇಳೆಯ ಸಾರು ಮಾಡಿ ಉಣ್ಣಲೂ ಬರುತ್ತದೆ. ಕಬ್ಬು, ಅರಿಷಿಣ ಬೆಳೆದು ಮನೆ ನಡೆಸುವ ರೈತನ ಸಂಕಟವು ಬೇರೆಯದು; ಅದು ಉದ್ಯೋಗೀ ಹಿಂಸೆಯ ವಿಚಾರ. ಅವನನ್ನು ಸುಲಭವಾಗಿ ನಿಂದಿಸುವುದು ತರವಲ್ಲ. ಆದರೆ ಹೊಲದಲ್ಲಿ ಬಿಡಲಾಗದುದನ್ನು ಹಿತ್ತಲಲ್ಲಿ ಬಿಡಲು ಅವನಿಗೂ ಅಡ್ಡಿಯಿಲ್ಲ. ಹಿತ್ತಲಲ್ಲಿ ಕಲಿತ ಸಂಯಮವು ಮುಂದೆ ಹೊಲದ ಬದುವನ್ನು ದಾಟಿ ಒಳಗೆ ಹೋದೀತು.

ಮಧುತ್ಯಾಗವನ್ನು ಎತ್ತಿಕೊಂಡರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಮದ್ಯ, ಮಾಂಸ, ಮಧುಗಳ ತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಸೇರಿದೆ. ಜೇನುಹುಟ್ಟಿನ ಜೀವಗಳಿಗೆ ನೋವಾಗಬಾರದೆಂದು ಔಷಧದ ನೆಪದಲ್ಲಿಯೂ ಜೇನನ್ನು ಮುಟ್ಟದ ಮನೆಗಳು ತೇರದಾಳದ ಸುತ್ತ ಎಷ್ಟೋ ಇವೆ. ಹೀರೆ, ಕುಂಬಳ, ಸೌತೆಗಳಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಒಂದರ ಪರಾಗವನ್ನು ಮತ್ತೊಂದಕ್ಕೆ ಮುಟ್ಟಿಸುವವು ಜೇನುನೊಣ ಮುಂತಾದ ಕೀಟಗಳೇ. ಅವು ಬಾರದಿದ್ದರೆ ಹೆಣ್ಣುಹೂವು ಕಾಯಿ ಕಟ್ಟದೆ ಉದುರುತ್ತದೆ. ಹೂಬಿಟ್ಟ ಬಳ್ಳಿಗೆ ವಿಷ ಹೊಡೆದರೆ ಮೊದಲು ಸಾಯುವುದು ಮನೆಗೆ ಕಾಯಿ ಕೊಡಲು ಬಂದ ಅತಿಥಿ. ಜೇನುತುಪ್ಪವನ್ನು ತ್ಯಜಿಸಿ ಜೇನುನೊಣವನ್ನು ಕೊಲ್ಲುವ ವ್ರತವು ಯಾವ ಗ್ರಂಥದಲ್ಲಿಯೂ ಇಲ್ಲ.

ವಿಷವು ಹೊಡೆದವನ ಅಂಗಳದಲ್ಲಿಯೇ ಉಳಿಯುತ್ತದೆಂಬುದು ಭ್ರಮೆ. ಕನ್ನಡಿಗರು ಬಾಳುವ ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುರಿ ಗೇರಿನ ಸೊಳ್ಳೆಯಾಗಿತ್ತು. ನೋವು ಬಂದದ್ದು ತೋಟದ ಸುತ್ತಲ ಹಳ್ಳಿಗಳ ಮನೆಗಳಿಗೆ. ಕೊನೆಗೆ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶದಲ್ಲೆಲ್ಲ ತಡೆಹಿಡಿಯಿತು. ಅಮೆರಿಕೆಯ ರೇಚಲ್ ಕಾರ್ಸನ್ ಎಂಬ ವಿದುಷಿಯು 1962ರಲ್ಲಿಯೇ ತನ್ನ ಗ್ರಂಥದ ಮೂಲಕ, ಹುಳುವಿಗೆ ಹಾಕಿದ ವಿಷವು ಹಕ್ಕಿಯ ಒಡಲಿಗೂ ಮನುಷ್ಯನ ಒಡಲಿಗೂ ಬರುವುದೆಂದು ಎಚ್ಚರಿಸಿದ್ದಳು. ಹಿಂಸೆಯು ಹಿಂಸಕನನ್ನೇ ಹಿಂಬಾಲಿಸುತ್ತದೆಂಬ ಕರ್ಮಸಿದ್ಧಾಂತಕ್ಕೆ ಇದಕ್ಕಿಂತ ಕಣ್ಣಾರೆ ಕಾಣುವ ನಿದರ್ಶನ ಬೇಡ.

ಆರು ಲೇಶ್ಯೆ, ಆರು ತೋಟಗಾರರು

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಲೇಶ್ಯೆಗಳನ್ನು ತಿಳಿಸಲು ಹಣ್ಣಿನ ಮರದ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಕಾಡಿನಲ್ಲಿ ದಾರಿತಪ್ಪಿದ ಆರು ಮಂದಿ ಹಸಿದವರು ಹಣ್ಣು ತುಂಬಿದ ಮರವನ್ನು ಕಂಡರು. ಒಬ್ಬನು ಅದನ್ನು ಬುಡಸಹಿತ ಕಿತ್ತುಹಾಕಲು ಬಯಸಿದನು. ಎರಡನೆಯವನು ಬೊಡ್ಡೆಯನ್ನು ಕಡಿಯಲು, ಮೂರನೆಯವನು ಕೊಂಬೆಗಳನ್ನು, ನಾಲ್ಕನೆಯವನು ರೆಂಬೆಗಳನ್ನು ಕಡಿಯಲು, ಐದನೆಯವನು ಹಣ್ಣನ್ನಷ್ಟೇ ಕೀಳಲು ಬಯಸಿದರು. ಆರನೆಯವನಿಗೆ ನೆಲಕ್ಕುದುರಿದ ಹಣ್ಣೇ ಸಾಕಾಯಿತು. ಆರು ಮಂದಿಯ ಹಸಿವೂ ಒಂದೇ; ಪರಿಣಾಮ ಬೇರೆ ಬೇರೆ.

ಈ ದೃಷ್ಟಾಂತವನ್ನು ಹಿತ್ತಲಿಗೆ ತಂದು ನೋಡಬಹುದು. ಕಸವೂ ಹುಳುವೂ ಬೇಡವೆಂದು ಅಂಗಳಕ್ಕೆಲ್ಲ ಫರಶಿ ಹಾಸಿ ಮಣ್ಣಿನ ಉಸಿರನ್ನೇ ಮುಚ್ಚುವವನು ಕೃಷ್ಣಲೇಶ್ಯೆಯವನು. ಎಲೆ ಉದುರುತ್ತದೆಂದು ಬೇವಿನ ಮರವನ್ನು ಕಡಿಸುವವನು ನೀಲಲೇಶ್ಯೆಯವನು. ಗಿಡಗಳನ್ನು ಉಳಿಸಿಕೊಂಡು, ಒಂದು ಎಲೆಗೆ ತೂತು ಬಿದ್ದೊಡನೆ ವಿಷಕ್ಕೆ ಕೈಚಾಚುವವನು ಕಾಪೋತಲೇಶ್ಯೆಯವನು. ಹುಳು ಕೂತ ಎಲೆಯನ್ನು ಮೆಲ್ಲನೆ ಬಿಡಿಸಿ, ಹುಳುಸಹಿತ ದೂರದ ಬೇಲಿಯ ಪೊದೆಯಲ್ಲಿ ಬಿಟ್ಟುಬರುವವನು ಪೀತಲೇಶ್ಯೆಯವನು. ಎಳೆಯ ಕಾಯಿಗೆ ತೆಳು ಬಟ್ಟೆಯ ಚೀಲವನ್ನು ಕಟ್ಟಿ ನೊಣ ಮೊಟ್ಟೆಯಿಡದಂತೆ ತಡೆದು, ಬೇಕಾದಷ್ಟೇ ಕಾಯಿ ಕೊಯ್ಯುವವನು ಪದ್ಮಲೇಶ್ಯೆಯವನು. ಸಂಜೆ ಪಾರಿಜಾತದ ಕೆಳಗೆ ಬಿಳಿಯ ಬಟ್ಟೆ ಹಾಸಿ, ಬೆಳಗಿನ ಜಾವ ಗಿಡವೇ ಉದುರಿಸಿದ ಹೂವಿನಿಂದ ಸಂತೋಷಪಡುವವನ ಪರಿಣಾಮವು ಶುಕ್ಲಲೇಶ್ಯೆಗೆ ಸಮೀಪವಾದುದು. ಗೃಹಸ್ಥನು ದಿನವೂ ಆರನೆಯ ಮೆಟ್ಟಿಲಲ್ಲಿ ನಿಲ್ಲಲಾರನು. ನಿನ್ನೆ ನಿಂತ ಮೆಟ್ಟಿಲಿಗಿಂತ ಇಂದು ಒಂದು ಮೆಟ್ಟಿಲು ಮೇಲೇರಿದರೆ ವ್ರತವು ಬೆಳೆಯಿತೆಂದೇ ತಿಳಿಯಬೇಕು.

ಬೇವಿನೆಣ್ಣೆಯ ವಿಷಯದಲ್ಲಿ ಒಂದು ಮಾತು ಹೇಳಬೇಕಾಗಿದೆ. ಅದನ್ನು ಪೂರ್ಣ ಅಹಿಂಸಕವೆಂದು ಕೆಲವರು ನಂಬಿದ್ದಾರೆ. ಬೇವಿನ ಕಹಿಗೆ ಕೀಟಗಳು ಎಲೆಯನ್ನು ಬಿಟ್ಟುಹೋಗುವುದು ನಿಜ. ಆದರೆ ಅದು ಎಳೆಯ ಹುಳುಗಳ ಬೆಳವಣಿಗೆಯನ್ನು ಕೆಡಿಸಿ ಕೊಲ್ಲುವುದೂ ಉಂಟು. ಆದುದರಿಂದ ಅದು ಘೋರ ವಿಷಕ್ಕಿಂತ ಕಡಿಮೆಯ ದೋಷವುಳ್ಳದ್ದೆಂದು ತಿಳಿಯಬೇಕಲ್ಲದೆ, ನಿರ್ದೋಷವೆಂದು ಬಗೆಯಬಾರದು. ಒಂದೇ ಜಾತಿಯ ಗಿಡಗಳನ್ನು ಒತ್ತಾಗಿ ಹಾಕದೆ ಹಲವು ಜಾತಿಗಳನ್ನು ಬೆರೆಸಿ ಹಾಕುವುದು, ಎಳೆಯ ಸಸಿಗಳಿಗೆ ಹಳೆಯ ಸೀರೆಯ ಪರದೆ ಕಟ್ಟುವುದು, ಎರಡು ಬಳ್ಳಿ ಬೇಕಾದಲ್ಲಿ ಮೂರು ಹಾಕಿ ಒಂದನ್ನು ಇತರ ಜೀವಿಗಳ ಪಾಲಿಗೆ ಬಿಡುವುದು ಇವು ಹೆಚ್ಚು ಶುದ್ಧವಾದ ದಾರಿಗಳು.

ಮಣ್ಣು, ಎಲೆ, ಸಿಪ್ಪೆ

ಜೈನ ಅಡಿಗೆಮನೆಯ ನಿಯಮಗಳು ತೋಟಕ್ಕೂ ಹಿತವಾದವುಗಳು. ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ, ಗಜ್ಜರಿ, ಮೂಲಂಗಿಗಳನ್ನು ಪಡೆಯಬೇಕಾದರೆ ಇಡೀ ಗಿಡವನ್ನು ಕಿತ್ತು ನೆಲವನ್ನು ಬಗೆಯಬೇಕು. ಕಂದಮೂಲವನ್ನು ಬಿಟ್ಟವನ ತೋಟದಲ್ಲಿ ಅಗೆತವು ತಾನಾಗಿ ಕಡಿಮೆ. ನುಗ್ಗೆ, ಕರಿಬೇವು, ನಿಂಬೆ, ತೊಂಡೆ, ತೆಂಗು ಇವು ಒಮ್ಮೆ ನಟ್ಟರೆ ವರ್ಷಗಟ್ಟಲೆ ಕೊಡುತ್ತವೆ, ಕೊಟ್ಟಮೇಲೂ ಬದುಕುತ್ತವೆ. ಪಂಚೋದುಂಬರ ಫಲಗಳೊಳಗೆ ತ್ರಸಜೀವಿಗಳಿರುವುದರಿಂದ ಅವು ಅಭಕ್ಷ್ಯ. ಅತ್ತಿಯ ಹಣ್ಣಿನೊಳಗೆ ಸಣ್ಣ ಕಣಜಗಳು ಬಾಳುವುದನ್ನು ಇಂದಿನ ಜೀವಶಾಸ್ತ್ರವೂ ಬಲ್ಲದು. ಆದರೆ ತಿನ್ನದ ಹಣ್ಣಿನ ಮರವನ್ನು ಕಡಿಯಬೇಕೆಂದು ಯಾರೂ ಹೇಳಿಲ್ಲ. ಹಕ್ಕಿಗಳಿಗೆ ಅದು ಛತ್ರ.

ಉದುರಿದ ಎಲೆಗಳನ್ನು ಗುಡಿಸಿ ಬೆಂಕಿಯಿಡುವ ಅಭ್ಯಾಸವು ಹಲವು ಮನೆಗಳಲ್ಲಿದೆ. ಆ ರಾಶಿಯೊಳಗೆ ಅವಿತ ಜೀವಗಳಿಗೆ ಓಡಿಹೋಗಲು ದಾರಿಯಿಲ್ಲ. ಹೊಲದಲ್ಲಿ ಕಬ್ಬಿನ ರವದಿಯನ್ನು ಸುಡುವಾಗಲೂ ನಡೆಯುವುದು ಇದೇ. ಒಣಗಿದ ಎಲೆಯನ್ನೂ ಒಂದೆರಡು ಹೊರೆ ರವದಿಯನ್ನೂ ಗಿಡಗಳ ಬುಡಕ್ಕೆ ಹೊದಿಕೆಯಾಗಿ ಹಾಸಿದರೆ ನೀರು ಬೇಗ ಆರುವುದಿಲ್ಲ, ಕಳೆ ಹೆಚ್ಚು ಹುಟ್ಟುವುದಿಲ್ಲ, ಅಗೆಯುವ ಪ್ರಸಂಗವೂ ಬರುವುದಿಲ್ಲ. ಹುಟ್ಟಿದ ಕಳೆಯನ್ನು ಕೀಳುವುದಕ್ಕಿಂತ ಕಳೆ ಹುಟ್ಟದಂತೆ ನೋಡಿಕೊಳ್ಳುವುದು ಸಂವರವಿದ್ದಂತೆ.

ಅಡಿಗೆಮನೆಯ ಸಿಪ್ಪೆಯ ವಿಷಯವು ಸೂಕ್ಷ್ಮವಾದುದು. ಹಸಿ ಸಿಪ್ಪೆಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಕೊಳೆತು ಅಸಂಖ್ಯ ಹುಳುಗಳು ಹುಟ್ಟುತ್ತವೆ. ಆಮೇಲೆ ದುರ್ವಾಸನೆಗೆ ಬೇಸತ್ತು ಸುಣ್ಣವನ್ನೋ ಬಿಸಿನೀರನ್ನೋ ಸುರಿಯುವವರುಂಟು. ಹುಟ್ಟಿಸಿ ಕೊಲ್ಲುವ ಈ ದೋಷವು ದೊಡ್ಡದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀದಿಗೆ ಎಸೆದರೆ ದನಗಳು ಚೀಲಸಹಿತ ತಿಂದು ನರಳುತ್ತವೆ. ಯೋಗ್ಯವಾದ ದಾರಿ ಹೀಗಿದೆ: ಮೊದಲು ಊನೋದರ ತಪಸ್ಸನ್ನು ನೆನೆದು ಅಳತೆಯಿಂದ ಅಡಿಗೆ ಮಾಡಿ ಕಸವನ್ನೇ ಕಡಿಮೆ ಮಾಡಬೇಕು. ಉಳಿದ ಸಿಪ್ಪೆಯನ್ನು ಅಂದಂದೇ ನೆರಳಿನ ಒಂದು ಮೂಲೆಯಲ್ಲಿ ತೆಳುವಾಗಿ ಹರಡಿ ಮೇಲೆ ದಪ್ಪನಾಗಿ ಒಣ ಎಲೆಯನ್ನು ಮುಚ್ಚಬೇಕು. ಅದನ್ನು ಪದೇ ಪದೇ ಕೆದಕಬಾರದು. ಪೂರ್ಣ ಮಣ್ಣಾಗುವವರೆಗೆ ಮುಟ್ಟಬಾರದು. ಅಲ್ಲಿಗೆ ತಾವಾಗಿ ಬಂದ ಎರೆಹುಳುಗಳು ತಮ್ಮ ಇಚ್ಛೆಯಿಂದ ಬಂದು ಹೋಗಲಿ. ಹಣ ಕೊಟ್ಟು ಹುಳುಗಳನ್ನು ತಂದು ತೊಟ್ಟಿಯಲ್ಲಿ ಕೂಡಿಹಾಕಿ ದುಡಿಸುವುದು ಬಂಧವೆಂಬ ಅತಿಚಾರಕ್ಕೆ ಹತ್ತಿರವಾಗುತ್ತದೆ. ಬೆಲ್ಲ, ಹಿಟ್ಟುಗಳನ್ನು ನೆನೆಸಿ ಹುಳಿಸಿ ಮಾಡುವ ಗೊಬ್ಬರದ ದ್ರಾವಣಗಳು ರಾಸಾಯನಿಕಕ್ಕಿಂತ ಮೇಲೆಂಬುದು ನಿಜವಾದರೂ, ಹುಳಿಸುವಾಗ ಹುಟ್ಟುವ ಜೀವರಾಶಿಯನ್ನು ನೆನೆದು ಕಟ್ಟುನಿಟ್ಟಿನ ವ್ರತಿಯು ಎಲೆಯ ಹೊದಿಕೆಯಲ್ಲಿಯೇ ತೃಪ್ತನಾಗುವುದು ಲೇಸು.

ನೀರು ಮತ್ತು ದೀಪ

ಎರಡು ಮಡಿಕೆಯ ಬಟ್ಟೆಯಲ್ಲಿ ನೀರು ಸೋಸುವುದೂ, ಸೋಸಿದ ನೀರಿಗೆ ಒಂದು ಮುಹೂರ್ತ, ಎಂದರೆ 48 ನಿಮಿಷಗಳ ಮಿತಿಯನ್ನು ಪಾಲಿಸುವುದೂ ಜೈನ ಮನೆಯ ಗುರುತು. ಇಷ್ಟು ಎಚ್ಚರದ ಮನೆಯ ಹಿತ್ತಲಲ್ಲಿ ಒಡೆದ ಕುಂಡ, ತೆರೆದ ತೊಟ್ಟಿ, ಹಳೆಯ ಟೈರುಗಳಲ್ಲಿ ವಾರಗಟ್ಟಲೆ ನೀರು ನಿಲ್ಲುವುದು ಶೋಭೆಯಲ್ಲ. ನಿಂತ ನೀರಿನಲ್ಲಿ ವಾರ ಹತ್ತು ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗುತ್ತದೆ. ಆಮೇಲೆ ಹೊಗೆ ಹಾಕಿ ಅವನ್ನು ಕೊಲ್ಲುವ ಪಾಪ ಬರುತ್ತದೆ. ತೊಟ್ಟಿಗೆ ಮೊದಲೇ ಬಟ್ಟೆಯಿಂದಲೋ ಮುಚ್ಚಳದಿಂದಲೋ ಮುಚ್ಚಿದರೆ ಹುಟ್ಟೂ ಇಲ್ಲ, ಕೊಲೆಯೂ ಇಲ್ಲ. ಹಕ್ಕಿಗಳಿಗೆಂದು ಇಟ್ಟ ಬಟ್ಟಲ ನೀರನ್ನು ಪ್ರತಿದಿನ ಸಂಜೆ ಗಿಡಕ್ಕೆ ಚೆಲ್ಲಿ, ಬೆಳಿಗ್ಗೆ ಹೊಸದಾಗಿ ತುಂಬಬೇಕು.

ಭೋಗೋಪಭೋಗ ಪರಿಮಾಣ ವ್ರತವು ನೀರಿಗೂ ಅನ್ವಯಿಸುತ್ತದೆ. ಈ ಭಾಗದ ಎರೆಭೂಮಿಗೆ ಕಾಲುವೆಯ ನೀರನ್ನು ಮಿತಿಮೀರಿ ಹಾಯಿಸಿದಲ್ಲಿ ಉಪ್ಪು ಮೇಲೆದ್ದು ಹೊಲಗಳು ಸವಳಾದುದನ್ನು ಜಮಖಂಡಿ, ಮುಧೋಳ ಸೀಮೆಯ ರೈತರು ಕಂಡಿದ್ದಾರೆ. ಪರಿಮಾಣವನ್ನು ಮರೆತರೆ ಅಮೃತವೂ ವಿಷವಾಗುತ್ತದೆಂಬುದಕ್ಕೆ ಆ ಬಿಳಿಯ ನೆಲವೇ ಸಾಕ್ಷಿ. ಮಳೆಯು ಇಲ್ಲಿ ಹೆಚ್ಚಲ್ಲ. ಆದರೂ 30 ಚದರ ಮೀಟರಿನ ಮಾಳಿಗೆಯ ಮೇಲೆ 500 ಮಿಲಿಮೀಟರು ಮಳೆ ಬಿದ್ದರೆ ಅದು 15,000 ಲೀಟರು ನೀರು. 15 ಲೀಟರಿನ ಕೊಡದಲ್ಲಿ ಎಣಿಸಿದರೆ ಸಾವಿರ ಕೊಡ. ಸೋರಿ ಆರಿ ಹೋದುದನ್ನು ಕಳೆದು ಅರ್ಧ ಉಳಿದರೂ ಮುಚ್ಚಿದ ತೊಟ್ಟಿಗೋ ನೆಲದ ಇಂಗುಗುಂಡಿಗೋ ಅದನ್ನು ಇಳಿಸಿದರೆ ಹಿತ್ತಲಿಗೆ ಉಪಕಾರವಾಗುತ್ತದೆ. ಗಿಡಕ್ಕೆ ನೀರನ್ನು ಬುಡದಲ್ಲಿ, ತಂಪು ಹೊತ್ತಿನಲ್ಲಿ, ಹಗಲ ಬೆಳಕಿರುವಾಗಲೇ ಎರೆಯಬೇಕು. ಕತ್ತಲಲ್ಲಿ ಎರೆದರೆ ಕಾಲಡಿಯ ಜೀವ ಕಾಣುವುದಿಲ್ಲ.

ರಾತ್ರಿಭೋಜನತ್ಯಾಗಕ್ಕೆ ಹಿರಿಯರು ಕೊಡುವ ಕಾರಣಗಳಲ್ಲಿ ದೀಪಕ್ಕೆ ಬಂದು ಬೀಳುವ ಕೀಟಗಳ ದಯೆಯೂ ಒಂದು. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸಿದ ಮನೆಯೇ ಹಿತ್ತಲಲ್ಲಿ ರಾತ್ರಿಯೆಲ್ಲ ವಿದ್ಯುದ್ದೀಪವನ್ನು ಉರಿಸಿದರೆ, ತಟ್ಟೆಯಲ್ಲಿ ಉಳಿಸಿದ ಪತಂಗವನ್ನು ಕಂಬದಡಿಯಲ್ಲಿ ಕೊಂದಂತಾಯಿತು. ಬೇಕಾದಾಗ ಹಚ್ಚಿ, ಕೆಲಸ ಮುಗಿದೊಡನೆ ಆರಿಸುವುದೇ ಯುಕ್ತ.

ಪರ್ವಗಳ ಪ್ರಕಾರ ತೋಟದ ಕೆಲಸ

ಮಳೆಗಾಲದಲ್ಲಿ ನೆಲದ ತುಂಬ ಜೀವೋತ್ಪತ್ತಿಯಾಗುವುದೆಂದು ಮುನಿಗಳು ಆಷಾಢದಿಂದ ಕಾರ್ತಿಕದವರೆಗೆ ವಿಹಾರವನ್ನು ನಿಲ್ಲಿಸಿ ಒಂದೆಡೆ ಚಾತುರ್ಮಾಸ ಕೈಗೊಳ್ಳುತ್ತಾರೆ. ಪಾದವಿಡುವುದಕ್ಕೇ ಮುನಿಗಳು ಅಂಜುವ ನೆಲಕ್ಕೆ ಶ್ರಾವಕನು ಗುದ್ದಲಿ ಹಾಕಬಹುದೆ? ಪಾತಿ ಮಾಡುವುದು, ಗುಣಿ ತೋಡುವುದು ಮೊದಲಾದವನ್ನು ಮಳೆಗೆ ಮುಂಚೆ, ನೆಲವು ಒಣಗಿರುವಾಗಲೇ ಮುಗಿಸಿ, ಚಾತುರ್ಮಾಸದಲ್ಲಿ ಗುದ್ದಲಿಯನ್ನು ಮೂಲೆಗಿಡುವುದು ಉತ್ತಮ. ಅಷ್ಟಮಿ, ಚತುರ್ದಶಿಗಳಲ್ಲಿ ಹಸಿರನ್ನು ತಿನ್ನದವರು ಅಂದು ಹಸಿರನ್ನು ಕತ್ತರಿಸದೆಯೂ ಇರಬಹುದು. ಕಾರ್ತಿಕ, ಫಾಲ್ಗುಣ, ಆಷಾಢಗಳ ಅಷ್ಟಾಹ್ನಿಕ ಪರ್ವದ ದಿನಗಳಲ್ಲಿಯೂ ದಶಲಕ್ಷಣದ ಹತ್ತು ದಿನಗಳಲ್ಲಿಯೂ ತೋಟಕ್ಕೂ ಬಿಡುವು ಕೊಡಬಹುದು. ಅಂದು ಗಿಡಗಳ ನಡುವೆ ಸುಮ್ಮನೆ ಕುಳಿತು ಸಾಮಾಯಿಕ ಮಾಡಲು ಯಾವ ಅಡ್ಡಿಯಿದೆ? ಸಮವಸರಣದಲ್ಲಿಯೂ ಅಶೋಕ, ಸಪ್ತಪರ್ಣ, ಸಂಪಿಗೆ, ಮಾವುಗಳ ಉಪವನಗಳಿವೆಯಲ್ಲವೆ?

ಕಾಲಮಿತಿಯುಳ್ಳ ತ್ಯಾಗವು ನಿಯಮ. ಜೀವನಪರ್ಯಂತದ ತ್ಯಾಗವು ಯಮ. ಯಮಕ್ಕೆ ಅಂಜುವವರು ಮುಂದಿನ ಮೂರು ತಿಂಗಳಿಗೆ ಈ ನಿಯಮಗಳನ್ನು ದೇವರ ಮುಂದೆ ಸ್ವೀಕರಿಸಬಹುದು:

1. ಹಿತ್ತಲ ತೋಟಕ್ಕೆ ಕೀಟನಾಶಕವನ್ನು ಹೊಡೆಯುವುದಿಲ್ಲ, ಹೊಡೆಯಿಸುವುದಿಲ್ಲ, ಯಾರಿಗೂ ಕೊಡುವುದಿಲ್ಲ.
2. ಉದುರಿದ ಎಲೆಗೂ ಕಸಕ್ಕೂ ಬೆಂಕಿ ಇಡುವುದಿಲ್ಲ.
3. ಮನೆಯ ಸುತ್ತ ನೀರು ತೆರೆದು ನಿಲ್ಲಲು ಬಿಡುವುದಿಲ್ಲ.
4. ಗಿಡಗಳಿಗೆ ದಿನಕ್ಕೆ ಇಂತಿಷ್ಟೇ ಕೊಡ ನೀರೆಂದು ಪರಿಮಾಣ ಮಾಡಿಕೊಳ್ಳುವೆವು.
5. ಅಷ್ಟಮಿ, ಚತುರ್ದಶಿಗಳಲ್ಲಿ ನೆಲವನ್ನು ಅಗೆಯುವುದಿಲ್ಲ, ಹಸಿರನ್ನು ಕತ್ತರಿಸುವುದಿಲ್ಲ.
6. ರಾತ್ರಿ ಹಿತ್ತಲಲ್ಲಿ ವ್ಯರ್ಥವಾಗಿ ದೀಪ ಉರಿಸುವುದಿಲ್ಲ.

ಮನೆಯಲ್ಲಿ ಈಗಾಗಲೇ ವಿಷದ ಬಾಟಲಿಯಿದ್ದರೆ ಅದನ್ನು ಚರಂಡಿಗೋ ಬಾವಿಯ ಬಳಿಗೋ ಸುರಿಯಬಾರದು. ಅದರಿಂದ ಜಲಕಾಯದೊಡನೆ ತ್ರಸಜೀವಿಗಳೂ ನಾಶವಾಗುತ್ತವೆ. ಮಕ್ಕಳಿಗೂ ದನಕರುಗಳಿಗೂ ಸಿಗದಂತೆ ಬಿಗಿದಿಟ್ಟು, ವಿಲೇವಾರಿಯ ಬಗ್ಗೆ ಕೃಷಿ ಇಲಾಖೆಯ ಅಧಿಕಾರಿಗಳನ್ನು ಕೇಳಬೇಕು.

ದಶಲಕ್ಷಣ ಮುಗಿದು ಭಾದ್ರಪದ ಹುಣ್ಣಿಮೆಯ ಮರುದಿನ ಕ್ಷಮಾವಾಣಿಯು ಬರುತ್ತದೆ. ಅಂದು ಶ್ರಾವಕರು ಒಬ್ಬರನ್ನೊಬ್ಬರು ಕಂಡು ಕೈಮುಗಿದು ಕ್ಷಮೆ ಬೇಡುತ್ತಾರೆ. ಸಕಲ ಜೀವರಾಶಿಯ ಕ್ಷಮೆಯನ್ನೂ ಬೇಡುತ್ತಾರೆ. ನೆಂಟನು ಉತ್ತರ ಕೊಡುತ್ತಾನೆ, ನೆರೆಯವನು ಉತ್ತರ ಕೊಡುತ್ತಾನೆ. ಎಲೆಯಡಿಯ ಹುಳುವು ಉತ್ತರ ಕೊಡಲಾರದು. ಅದಕ್ಕೆ ಸಲ್ಲುವ ಕ್ಷಮಾಪಣೆಯು ಬಾಯಿಮಾತಲ್ಲ. ಮುಂದಿನ ವರ್ಷ ಅದೇ ಬಳ್ಳಿಯ ಮುಂದೆ ನಿಂತಾಗ ಕೈ ತಡೆದು ನಿಲ್ಲುವುದೇ ಅದರ ಕ್ಷಮಾಪಣೆ. ದಿಬ್ಬಣದ ರಥವನ್ನು ಹಿಂದಿರುಗಿಸಿದ ನೇಮಿಸ್ವಾಮಿಯ ದಯೆಯು ತೇರದಾಳದ ಮನೆಮನೆಯ ಹಿತ್ತಲಲ್ಲಿ ಬೇರೂರಲಿ. ಅಲ್ಲಿಯ ಕಂಠವಿಲ್ಲದ ಜೀವಗಳು ನಿರ್ಭಯವಾಗಿ ಬಾಳಲಿ. ವ್ರತಿಗಳ ಉಪವಾಸವು ಸಫಲವಾಗಲಿ.

॥ ಶುಭಂ ಭೂಯಾತ್ ॥